ಮೂವರು ಹೆಣ್ಣುಮಕ್ಕಳು ಮಾತಾಡಿಸಿದ ರೇಡಿಯೋ

ಕಣ್ಣು ಮುಚ್ಚಿಕೋ ಪುಟ್ಟೀ, ಹೂಂ ಅಂತಿರು, ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಊರಿಗೊಂದು ಫೋನೂ ಇಲ್ಲದ ಕಾಲದಲ್ಲಿ, ಕಡಲ ದಂಡೆಯ ಊರಲ್ಲಿ ಜಟ್ಟಯ್ಯ ಅಂತ ಒಬ್ಬ ಇದ್ದನಂತೆ. ಅವನಿಗೆ ಹಡಗಿನಲ್ಲಿ ಕೆಲಸ. ಹೆಂಡತಿ ದುರ್ಗಿ. ಮೂವರು ಹೆಣ್ಣುಮಕ್ಕಳು, ನಾಗವೇಣಿ, ಮಾಸ್ತಿ, ಎಲ್ಲರಿಗಿಂತ ಸಣ್ಣೋಳು ಸುಬ್ಬಿ. ಒಂದು ಸಲ ಅವನ ಹಡಗು ದೂರದ ದೇಶದ ಬಂದರಲ್ಲಿ ನಿಂತಿದ್ದಾಗ ಅಲ್ಲಿ ಯುದ್ಧ ಹತ್ತಿಕೊಂಡು, ಬಂದರಿಗೇ ಬೆಂಕಿ ಬಿತ್ತಂತೆ. ಆಮೇಲೆ ಜಟ್ಟಯ್ಯನ ಸುದ್ದಿಯೇ ಇಲ್ಲ.

ಹೀಗಿರುವಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ, ಬೇರೆ ಹಡಗಿನ ಹೊನ್ನಪ್ಪ ಅನ್ನೋನು ಇವರ ಮನೆಗೆ ಬಂದನಂತೆ. ಅತ್ತಿಗೇ, ಅಲ್ಲಿಯ ರೇಡಿಯೋದವರು ದಿನಾ ಸಂಜೆ ಸಿಕ್ಕಿಬಿದ್ದ ಹಡಗಿನವರನ್ನ ಕರೆದು ಮನೆಯವರಿಗೆ ನಾಲ್ಕು ಮಾತು ಆಡಿಸ್ತಾರೆ, ದೂರದ ಸ್ಟೇಷನ್ ಹಿಡಿಯೋ ಶಾರ್ಟ್‌ವೇವ್ ಹಾಕಿದರೆ ಇಲ್ಲಿಗೂ ಕೇಳ್ತದೆ ಅಂದನಂತೆ. ಜಟ್ಟಯ್ಯ ಯಾವತ್ತೋ ತಂದ ಟ್ರಾನ್ಸಿಸ್ಟರ್ ರೇಡಿಯೋ ಅಟ್ಟದ ಮೇಲಿತ್ತು. ಆದರೆ ಉಪ್ಪುಗಾಳಿ ತಿಂದು ಎಷ್ಟೋ ವರ್ಷದಿಂದ ಅದಕ್ಕೆ ಉಸಿರೇ ಇರಲಿಲ್ಲ.

ಅದನ್ನ ರಿಪೇರಿ ಮಾಡ್ತೀವಿ ಅಂತ ಮಕ್ಕಳು ಅಂದರೆ, ದುರ್ಗಿ ಬೇಡ ಅಂದಳಂತೆ. ಅದು ಸುಮ್ಮನಿರೋವರೆಗೆ ಅವರು ಇದ್ದಾರೆ ಅಂದ್ಕೊಂಡು ಅನ್ನ ಬೇಯಿಸ್ತೀನಿ ಮಕ್ಕಳೇ. ಅದು ಮಾತಾಡಿ, ಅವರು ಮಾತಾಡದೇ ಹೋದರೆ?

ಆದರೂ ನಾಗವೇಣಿ ಅಟ್ಟ ಹತ್ತಿ ರೇಡಿಯೋ ಇಳಿಸಿಕೊಂಡು ಬಂದು ಹಿಂದಿನ ಮುಚ್ಚಳ ತೆಗೆದಳಂತೆ. ಹಳೇ ಸೆಲ್ಲುಗಳು ಒಡೆದು ಸೋರಿ, ಸ್ಪ್ರಿಂಗಿಗೆಲ್ಲ ಹಸಿರು ಕಿಲುಬು ಹಿಡಿದಿತ್ತಂತೆ. ಹುಣಸೆಹುಳಿ ಹಚ್ಚಿ ತಿಕ್ಕಿ, ಒರೆಸಿ, ಒಣಗಿಸಿ, ಹೊಸ ಸೆಲ್ಲು ಹಾಕಿದಾಗ ಒಳಗಿನ ಪುಟಾಣಿ ದೀಪ ಹತ್ತಿತಂತೆ. ದನಿ ಮಾತ್ರ ಇಲ್ಲ.

ಆಮೇಲೆ ಮಾಸ್ತಿ ಸ್ಪೀಕರಿಗೆ ಬರೋ ತಂತಿಗಳನ್ನ ನೋಡಿದಳಂತೆ. ಒಂದು ಉಪ್ಪಿಗೆ ಕೊಳೆತು ತುಂಡಾಗಿತ್ತು. ಸ್ಪೀಕರಾದರೂ ಬದುಕಿದೆಯಾ ಅಂತ ಒಂದು ಸೆಲ್ಲಿನ ಎರಡು ತುದಿಗೆ ಅದರ ತಂತಿ ಮುಟ್ಟಿಸಿದರೆ, ಟಪ್ ಅಂತ ಸದ್ದಾಯ್ತಂತೆ. ಅಷ್ಟಕ್ಕೇ ಅವಳ ಕಣ್ಣು ತುಂಬಿತಂತೆ. ಕಲಾಯಿ ಹಾಕೋ ಹಸನ್ ಸಾಬರ ಹತ್ರ ಓಡಿ, ಬೆಸುಗೆ ಹಾಕಿಸಿಕೊಂಡು ಬಂದಳಂತೆ. ರೇಡಿಯೋ ಮಾತಾಡಿತು, ಆದರೆ ಹತ್ತಿರದ ಸ್ಟೇಷನ್ ಮಾತ್ರ. ಶಾರ್ಟ್‌ವೇವಿಗೆ ತಿರುಗಿಸಿದರೆ ಕರಕರ ಅಂದು ಸತ್ತೇ ಹೋಗ್ತಿತ್ತಂತೆ.

ಆವಾಗ ಸುಬ್ಬಿ, ಅಕ್ಕಾ, ತಿರುಗಿಸಿದಾಗ ತಾನೇ ಸಾಯೋದು, ಹಾಗಾದ್ರೆ ಆ ತಿರುಗಿಸೋ ಸ್ವಿಚ್ಚಿಗೇ ಕೊಳೆ ಹಿಡಿದಿರಬೇಕು ಅಂದಳಂತೆ. ಹೆರಿಗೆ ಮಾಡಿಸೋ ದಾಯಮ್ಮನ ಹತ್ರ ಸ್ಪಿರಿಟ್ ಇಸ್ಕೊಂಡು, ಪೊರಕೆಯ ಹಿಡಿಕಡ್ಡಿಗೆ ಹತ್ತಿ ಸುತ್ತಿ, ಸ್ವಿಚ್ಚಿನ ಸಂದಿಗೆ ಒಂದೊಂದೇ ಹನಿ ಬಿಟ್ಟು, ಅತ್ತ ಇತ್ತ ತಿರುಗಿಸಿ ತಿರುಗಿಸಿ ಒರೆಸಿದಳಂತೆ. ಹತ್ತಿ ಕಪ್ಪಾಗ್ತಾ ಬಂತಂತೆ. ಅದು ಬೆಳ್ಳಗೇ ಉಳಿಯೋ ತನಕ ಬಿಡಲಿಲ್ಲ ಹುಡುಗಿ. ಆಮೇಲೆ ದೂರದ ದನಿ ಹಿಡಿಯಲಿ ಅಂತ ರೇಡಿಯೋದಿಂದ ತಾಮ್ರದ ತಂತಿಯೊಂದನ್ನ ತೆಂಗಿನ ಮರಕ್ಕೆ ಎಳೆದು ಕಟ್ಟಿದರಂತೆ.

ಸಂಜೆ ಹಾಕಿದರೆ, ಕಡಲು ಮೊರೆದ ಹಾಗೆ ಒಂದು ಸದ್ದು, ಅದರೊಳಗಿಂದ ಯಾರ್ಯಾರದೋ ಭಾಷೆ. ಆಮೇಲೆ ಇದ್ದಕ್ಕಿದ್ದಂತೆ ಕನ್ನಡ. ಅಮ್ಮಾ, ನಾನು ಹೊಳೆಬಾಗಿಲ ತಿಮ್ಮ, ಚೆನ್ನಾಗಿದ್ದೀನಿ ಅಂತ. ಅಪ್ಪ ಅಲ್ಲ ಅಂತ ಮಕ್ಕಳು ತಲೆ ತಗ್ಗಿಸಿ ಕೂತರೆ, ಒಳಗಿದ್ದ ದುರ್ಗಿ ಎದ್ದು ಬಂದಳಂತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆ ದಾಟಿ ಹೋಗಿ, ನಿನ್ನ ಮಗ ಇದ್ದಾನೆ ಕಣೇ ಅಂತ ತಿಮ್ಮನ ತಾಯಿಗೆ ಹೇಳಿಬಂದಳಂತೆ.

ಅಲ್ಲಿಂದ ದಿನಾ ಸಂಜೆ ಅಂಗಳದ ತುಂಬ ಜನ. ಗಂಡನ, ಮಗನ ದನಿ ಕೇಳಿದವರು ಅಳ್ತಾ ಹೋಗೋರು, ಕೇಳದವರು ನಾಳೆ ಬರ್ತೀವಿ ಅಂತ ಹೋಗೋರು. ದುರ್ಗಿ ಎಲ್ಲರಿಗೂ ಚಾಪೆ ಹಾಸಿ ತಾನು ಬಾಗಿಲಲ್ಲೇ ನಿಲ್ತಿದ್ದಳಂತೆ. ಜಟ್ಟಯ್ಯನ ದನಿ ಬರಲೇ ಇಲ್ಲ.

ಏನಂದೆ? ಸತ್ತನಾ ಅಂತನಾ? ತಡಿ ಮಗಾ.

ಒಂದಿನ ರೇಡಿಯೋದಲ್ಲಿ ಯಾರೋ ಕೆಮ್ಮಿದರಂತೆ. ದುರ್ಗಿಗೆ ಆ ಕೆಮ್ಮೇ ಸಾಕಾಯ್ತಂತೆ, ಬಾಗಿಲ ಚೌಕಟ್ಟು ಹಿಡ್ಕೊಂಡಳಂತೆ. ನಾನು ಜಟ್ಟಯ್ಯ. ಇಷ್ಟು ದಿನ ಆಸ್ಪತ್ರೆಲಿದ್ದೆ, ಕಾಲಿಗೆ ಪೆಟ್ಟಾಗಿದೆ, ಜೀವಕ್ಕೇನಿಲ್ಲ. ದುರ್ಗೀ, ಸುಬ್ಬಿ ಕಿವಿ ಸೋರೋದು ನಿಂತಿತಾ?

ದುರ್ಗಿ ರೇಡಿಯೋ ಮುಂದೆ ಓಡಿಬಂದು ಕೂತು, ನಿಂತಿತು, ಪೂರ್ತಿ ನಿಂತಿತು, ನೀವು ಬನ್ನಿ ಅಂದಳಂತೆ. ಅಷ್ಟರಲ್ಲಿ ಅಲ್ಲಿ ಬೇರೆ ಯಾರೋ ತನ್ನ ಮನೆಯವರನ್ನ ಕರೀತಿದ್ದನಂತೆ. ರೇಡಿಯೋಗೆ ಉತ್ತರ ಕೊಡ್ತಾಳಲ್ಲ ಅಂತ ಅಂಗಳದಲ್ಲಿದ್ದ ಒಬ್ಬರೂ ನಗಲಿಲ್ಲವಂತೆ.

ಆಮೇಲೆ ಯುದ್ಧ ತಣ್ಣಗಾಗಿ, ಜಟ್ಟಯ್ಯ ಕುಂಟ್ತಾ ಕುಂಟ್ತಾ ಮನೆ ಸೇರಿ, ಮತ್ತೆ ಹಡಗು ಹತ್ತದೆ, ಹೆಂಡತಿ ಮಕ್ಕಳ ಜೊತೆ ಬಲೆ ಹೆಣೀತಾ ಸುಖವಾಗಿದ್ದನಂತೆ. ಅವರು ಅಲ್ಲಿ ಸುಖವಾಗಿರಲಿ, ನೀನು ಇಲ್ಲಿ ಮಲಗು ನನ್ನ ಬಂಗಾರೀ, ಕತೆ ಮುಗೀತು.