ಕಪ್ಪೆಯ ತೀರ್ಪು

ಕೆರೆಗೆ ನೀರುಹಾವೊಂದು ಬಂದು ಸೇರಿಕೊಂಡ ಮೇಲೆ ಅಲ್ಲಿನ ಮುದಿ ಕಪ್ಪೆಗೆ ಮೋಕ್ಷದ ಚಿಂತೆ ಹತ್ತಿತು. ಅಲ್ಲಿಯವರೆಗೆ ಅದಕ್ಕೆ ನೊಣದ ಚಿಂತೆಯಷ್ಟೇ ಇತ್ತು. ದಾರಿ ಕೇಳೋಣವೆಂದು ಒಂದು ಸಂಜೆ ಕೆರೆಯ ಮೆಟ್ಟಿಲ ಬಳಿಗೆ ಹೋಯಿತು. ಅಲ್ಲಿ ಮೈತುಂಬ ಕೆಸರು ಮೆತ್ತಿಕೊಂಡು ನೀರಲ್ಲಿ ಮುಳುಗಿದ್ದ ಸೋರೆಬುರುಡೆ ಜೈನಮತದ್ದು. ಮೇಲಿನ ಮೆಟ್ಟಿಲಲ್ಲಿ ಉರಿಯುತ್ತಿದ್ದ ಹಣತೆ ಬೌದ್ಧಮತದ್ದು.

ಬುರುಡೆ ಹೇಳಿತು: “ನನ್ನನ್ನು ಮುಳುಗಿಸಿರುವುದು ಈ ಕೆಸರು. ಅದೇ ಕರ್ಮ. ಹೊಸದು ಮೆತ್ತದಂತೆ ನೋಡಿಕೊಂಡು, ಹಳೆಯದನ್ನು ಕಳಚಿದರೆ ಮೇಲೇಳುತ್ತೇನೆ. ಆಗಲೂ ನಾನು ನಾನೇ, ಕೆಸರು ಮಾತ್ರ ಇರುವುದಿಲ್ಲ.”

ಹಣತೆ ಹೇಳಿತು: “ಈ ಉರಿಗೆ ಆಸೆಯೇ ಎಣ್ಣೆ. ಅದು ತೀರಿದರೆ ಉರಿ ಆರುತ್ತದೆ. ‘ನಾನು’ ಎಂದು ಹಿಡಿದುಕೊಳ್ಳಲು ಇಲ್ಲಿ ಏನೂ ಇಲ್ಲ. ಆರಿದ ಉರಿ ಎತ್ತ ಹೋಯಿತೆಂದು ಕೇಳಬೇಡ.”

ಕಪ್ಪೆ ಗಂಟಲು ಉಬ್ಬಿಸಿತು. “ಎರಡರಲ್ಲಿ ಯಾವುದು ಹೆಚ್ಚೆಂದು ತೀರ್ಮಾನವಾಗದೆ ನಾನು ಹೆಜ್ಜೆ ಎತ್ತುವವನಲ್ಲ. ಸ್ವಲ್ಪ ತಾಳಿ, ತೂಗಿ ನೋಡಿ ಹೇಳುತ್ತೇನೆ.”

ಅದು ಕುತ್ತಿಗೆಮಟ್ಟ ಕೆಸರಿನಲ್ಲಿ ಕೂತು, ಕಣ್ಣು ಮುಚ್ಚಿ ತೂಗತೊಡಗಿತು. ಅಷ್ಟರಲ್ಲಿ ಎಣ್ಣೆ ತೀರಿ ಹಣತೆ ಸದ್ದಿಲ್ಲದೆ ಆರಿತು. ಬೆಳಗಾಗುವ ಹೊತ್ತಿಗೆ, ಅಲುಗದೆ ಕೂತಿದ್ದ ಬುರುಡೆಯ ಕೆಸರೆಲ್ಲ ಕರಗಿ, ಅದು ಮೇಲೆದ್ದು ತೇಲಿತು. ಕಪ್ಪೆ ಎರಡನ್ನೂ ನೋಡಲಿಲ್ಲ. ಇನ್ನೂ ತೂಗುತ್ತಲೇ ಇತ್ತು.

ಕೊನೆಗೂ ತೀರ್ಪು ಹೊಳೆಯಿತು. ಹೇಳಲೆಂದು ಕಪ್ಪೆ ಬಾಯಿ ತೆರೆಯಿತು. ಅದರ ಬೆನ್ನ ಹಿಂದೆ ನೀರುಹಾವು ಆಗಲೇ ಬಾಯಿ ತೆರೆದಿತ್ತು.