ಹಲಗೆಗಳಿಗೆ ವರ ನೋಡಿದ ರಾಜ

ಒಂದಾನೊಂದು ಊರಿನ ಬೆನ್ನಿಗೇ ಒಂದು ಗುಡ್ಡ ಇತ್ತು, ಗುಡ್ಡದ ತುಂಬ ಹಿಮ. ಹ್ಞೂಂ ಅನ್ನುತ್ತಾ ಕೇಳಿ, ಇಲ್ಲವಾದರೆ ನಿಲ್ಲಿಸಿಬಿಡುತ್ತೇನೆ. ಆ ಹಿಮ ತುದಿಯಲ್ಲಿ ಹಿಟ್ಟಿನ ಹಾಗೆ, ನಡುವೆ ಗಾಜಿನ ಹಾಗೆ, ಬುಡದಲ್ಲಿ ಗಂಜಿಯ ಹಾಗೆ ಇತ್ತು. ರಾಜ ಅಂಬರಗೊಂಡನಿಗೆ ಅದರ ಮೇಲೆ ಜಾರುವ ಹುಚ್ಚು ಹಿಡಿಯಿತು. ಬಡಗಿ ಮೌನಪ್ಪನನ್ನು ಕರೆಸಿದ.

"ಕಾಲಿಗೆ ಕಟ್ಕೊಂಡು ಜಾರೋ ಹಲಗಿ ಮಾಡು. ಸ್ಕೀ ಅಂತಾರಲ್ಲ, ಅದು. ನಾ ಬಿದ್ದರ, ಬಿದ್ದ ಜಾಗಾದಾಗನ ನಿನ್ನ ತಲಿನೂ ಬೀಳ್ತದ."

ಮೌನಪ್ಪ ಕೊರಳು ಮುಟ್ಟಿ ನೋಡಿಕೊಂಡ. ಮೂರು ಜೋಡಿ ಮಾಡಿದ. ಹಿಟ್ಟಿಗೆ ಅಗಲಮ್ಮ, ಮುಳುಗಬಾರದಲ್ಲ. ಗಾಜಿಗೆ ಸಣ್ಣಮ್ಮ, ಅಂಚು ಕಚ್ಚಿ ಹಿಡಿಯಬೇಕಲ್ಲ. ಗಂಜಿಗೆ ಮೇಣ ತಿಕ್ಕಿದ ಮೇಣಮ್ಮ, ಅಂಟಬಾರದಲ್ಲ. ಆದರೆ ಗುಡ್ಡ ಒಂದೇ, ರಾಜನ ಕಾಲು ಎರಡೇ. ಯಾರನ್ನು ಕಟ್ಟುವುದು?

"ಹಲಗಿ ಹೆಣ್ಣು, ಹಿಮ ಗಂಡು. ಹೆಣ್ಣು ತೋರಸೋಣು" ಎಂದ ರಾಜ. ಆ ಊರಲ್ಲಿ ಶಾಸ್ತ್ರ ಮಾಡದೆ ಬೀಗಕ್ಕೆ ಬೀಗದಕೈಯನ್ನೂ ಹಾಕುತ್ತಿರಲಿಲ್ಲ.

ಹಲಗೆಗಳಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ ಒಳಗೆ ಕೂರಿಸಿದರು. ಮೂರು ಹಿಮಗಳು ಮೂರು ಬೋಗುಣಿಯಲ್ಲಿ ವರರಾಗಿ ಬಂದವು. ಬಂದ ಬೀಗರನ್ನು ಸುಮ್ಮನೆ ಕೂರಿಸಲು ಆಗುತ್ತದೆಯೇ? ಬಿಸಿ ಬಿಸಿ ಉಪ್ಪಿಟ್ಟು ಬಡಿಸಿದರು. ಮೇಲೆ ಶಿರಾ. ಅದರ ಮೇಲೆ ಹೊಗೆಯಾಡುವ ಚಹಾ. ಮೌನಪ್ಪ "ಬಿಸೀದು ಬ್ಯಾಡ್ರಿ ದೊರಿ" ಅನ್ನುವಷ್ಟರಲ್ಲಿ ಮೂವರು ವರರೂ ನೀರಾಗಿದ್ದರು. ಹಿಟ್ಟು ಯಾವನು, ಗಾಜು ಯಾವನು, ಗಂಜಿ ಯಾವನು, ಒಂದೂ ತಿಳಿಯದು.

ಹಲಗೆಗಳು ಬಾಗಿಲಸಂದಿಯಿಂದ ಇಣುಕಿದವು. "ಮೆತ್ತಗದಾನ, ಆಗಬಹುದು" ಎಂದಳು ಅಗಲಮ್ಮ. "ಆಗಬಹುದು" ಎಂದಳು ಸಣ್ಣಮ್ಮ. ಮೇಣಮ್ಮ ನಾಚಿಕೊಂಡಳು, ಅಂದರೆ ಆಗಬಹುದು.

"ಒಪ್ಪಿದವರನ್ನ ಬಿಟ್ಟು ಹೋದರ ಅರಮನಿ ಮರ್ಯಾದಿ ಏನಾಗಬೇಕು?" ಎಂದ ರಾಜ. "ಮೂರನ್ನೂ ಕಟ್ಟು, ಒಂದರ ಮ್ಯಾಲೊಂದು."

ಎಷ್ಟು ಕಟ್ಟಿದರೂ ಹಿಮವನ್ನು ಮುಟ್ಟುವುದು ತಳದ ಹಲಗೆ ಮಾತ್ರ ಎಂದು ಮೌನಪ್ಪನಿಗೆ ಗೊತ್ತು. ಹೊರಡುವಾಗ ಹೆಂಡತಿ ಕಾಳವ್ವ ಕೇಳಿದಳು, "ಸಂಜೀಕ ಎಷ್ಟು ರೊಟ್ಟಿ ಬಡೀಲಿ?" "ನಾ ಬಂದ ಮ್ಯಾಲ ಬಡಿ" ಎಂದ ಮೌನಪ್ಪ. ಹಲಗೆಗಳನ್ನು ಹೊತ್ತು ಗುಡ್ಡ ಹತ್ತಿದ.

ತುದಿಯಲ್ಲಿ ಅಗಲಮ್ಮನನ್ನು ತಳಕ್ಕಿಟ್ಟು, ಮೇಲೆ ಸಣ್ಣಮ್ಮನನ್ನು, ಅದಕ್ಕೂ ಮೇಲೆ ಮೇಣಮ್ಮನನ್ನು ಕಟ್ಟಿದ. ಬಿದ್ದರೆ ತಲೆ ಕೈಗೆ ಸಿಗಲಿ ಎಂದು ರಾಜ ಮೌನಪ್ಪನನ್ನು ತನ್ನ ಬೆನ್ನಿಗೇ ಬಿಗಿದುಕೊಂಡ. ಬುಡದಲ್ಲಿ ತಲೆ ಕಡಿಯುವ ಕೆಂಚ ಕತ್ತಿ ಮಸೆಯುತ್ತಿದ್ದ. ಸದ್ದು ತುದಿಯವರೆಗೂ ಬರುತ್ತಿತ್ತು.

ಜಾರಿದರು. ಹಿಟ್ಟಿನ ಮೇಲೆ ಅಗಲಮ್ಮ ತೇಲಿದಳು. ಗಾಜು ಬಂತು. ರಾಜ ವಾಲಿದ. ಮೌನಪ್ಪ ಕಣ್ಣು ಮುಚ್ಚಿದ. "ನನಗ ತೋರಿಸಿದ ಗಂಡು ಮೆತ್ತಗಿದ್ದ, ಇಂವ ಭಾಳ ಬಿರುಸು" ಎಂದು ಅಗಲಮ್ಮ ಗಂಟು ಬಿಚ್ಚಿಕೊಂಡು ತವರಿಗೆ ಹೊರಟುಹೋದಳು. ಸಣ್ಣಮ್ಮ ತಳಕ್ಕೆ ಬಂದಳು, ಗಾಜನ್ನು ಕಚ್ಚಿ ಹಿಡಿದಳು. ಗಂಜಿ ಬಂತು. ರಾಜ ಮತ್ತೆ ವಾಲಿದ. "ಇಂವ ಬರೇ ಅಂಟ್ಕೋತಾನ, ನನಗ ಬ್ಯಾಡ" ಎಂದು ಸಣ್ಣಮ್ಮನೂ ತವರಿಗೆ ಹೋದಳು. ಮೇಣಮ್ಮ ತಳಕ್ಕೆ ಬಂದಳು, ಸರ್ರನೆ ಓಡಿದಳು. ಮೌನಪ್ಪ ಉಸಿರು ಬಿಟ್ಟ.

ಅಷ್ಟರಲ್ಲಿ ಹಿಮ ಮುಗಿದು ಹುಲ್ಲು ಬಂತು. ಹುಲ್ಲಿನ ಜೊತೆ ಮಾತುಕತೆಯೇ ಆಗಿರಲಿಲ್ಲ. ಮೇಣಮ್ಮ ನಿಂತುಬಿಟ್ಟಳು. ರಾಜ ನಿಲ್ಲಲಿಲ್ಲ. ಕೆಂಚನ ಕಾಲ ಬಳಿಯೇ ಬೋರಲು ಬಿದ್ದ, ಬೆನ್ನ ಮೇಲೆ ಮೌನಪ್ಪ.

ಕೆಂಚ ಕತ್ತಿ ಎತ್ತಿದ. ಎತ್ತಿ, ಕೇಳಲೇಬೇಕಾದ್ದನ್ನು ಕೇಳಿದ. "ದೊರಿ, ಬಿದ್ರೇನ್ರಿ?"

ಊರಿಗೆ ಊರೇ ನೋಡುತ್ತಿತ್ತು. ರಾಜ ಬಾಯಿಯ ಹುಲ್ಲು ಉಗಿದ. "ನಾ ಯಾಕ ಬೀಳಲಿ? ನಾ ನೆಟ್ಟಗ ಇದ್ದೆ. ಗುಡ್ಡ ಬಿತ್ತು."

"ಹೌದ್ರಿ, ನಾನೂ ನೋಡಿದೆ" ಎಂದ ಮೌನಪ್ಪ ಬೆನ್ನ ಮೇಲಿನಿಂದ. "ಗುಡ್ಡನ ಬಿತ್ತು."

"ಹಂಗಾರ ತಲಿ ಯಾರದು ಕಡೀಲಿ?"

"ಬಿದ್ದವರದು" ಎಂದ ರಾಜ.

ಕೆಂಚ ಗುಡ್ಡದ ತಲೆ ಕಡಿಯಲು ಹತ್ತಿಹೋದ. ಅವನು ಒಂದು ಬುಟ್ಟಿ ಹಿಮ ಕಡಿದರೆ ಆಕಾಶ ಎರಡು ಬುಟ್ಟಿ ಸುರಿಯುತ್ತದೆ. ಇನ್ನೂ ಕಡಿಯುತ್ತಲೇ ಇದ್ದಾನೆ. ಮೌನಪ್ಪ ಹುಲ್ಲಿನ ಮೇಲೆ ಕೂತು, ಕೊರಳು ಸವರಿಕೊಂಡು ಸಂತೋಷಕ್ಕೆ ಅತ್ತುಬಿಟ್ಟ.

ನೀತಿ ಏನೆಂದರೆ, ಹಲಗೆ ಆರಿಸುವ ಮೊದಲು ರಾಜನನ್ನು ಆರಿಸಿಕೊಳ್ಳಿ, ಬಿದ್ದರೂ ಬಿದ್ದೆ ಎನ್ನದವನನ್ನು. ಅವರ ತಲೆ ಅವರ ಹೆಗಲ ಮೇಲೆ, ನಮ್ಮ ತಲೆ ದಿಂಬಿನ ಮೇಲೆ.