ಅರ್ಧ ಮಾತು

ಕುರಿದೊಡ್ಡಿಯ ಮರಿಗಳಿಗೆ ಪಾಠ ಹೇಳುತ್ತಿದ್ದದ್ದು ಒಂದು ಗಡ್ಡದ ಹೋತ. ಆ ಕಾಲಕ್ಕೆ ಕುರಿಗಳಿಗೆ "ಬ್ಯಾಡ" ಎಂದು ಪೂರ್ತಿ ಹೇಳಲು ಬರುತ್ತಿತ್ತು. ಹೋತ ಮಾತ್ರ "ಬ್ಯಾ" ಎಂದಷ್ಟೇ ಹೇಳಿಸುತ್ತಿತ್ತು, ಅದೂ ಎಲ್ಲರಿಂದ ಒಟ್ಟಿಗೆ.

"ಗುರುಗಳೇ, ಮಾತು ಅರ್ಧಕ್ಕೇ ಯಾಕೆ ನಿಲ್ಲಬೇಕು?" ಎಂದು ಕರಿಮರಿಯೊಂದು ಕೇಳಿತು.

"ಅರ್ಧ ಹೇಳಿದರೆ ವಿನಯ. ಪೂರ್ತಿ ಹೇಳಿದರೆ ಎದುರುತ್ತರ."

"ನನಗೆ ನಿಜವಾಗಿಯೂ ಬ್ಯಾಡ ಅನ್ನಿಸಿದರೆ?"

"ಈ ಶಾಲೆಯಲ್ಲಿ ಎಲ್ಲರ ಅಭಿಪ್ರಾಯಕ್ಕೂ ಬೆಲೆಯಿದೆ. ತರಗತಿಯನ್ನೇ ಕೇಳೋಣ. ಮಕ್ಕಳೇ, ಇವನ ಪ್ರಶ್ನೆಗೆ ಉತ್ತರ ಬೇಕೇ?"

"ಬ್ಯಾ," ಎಂದವು ಮರಿಗಳು ಒಕ್ಕೊರಲಿನಿಂದ.

"ಬ್ಯಾಡ ಅಂದರು," ಎಂದು ಹೋತ ಪಾಠ ಮುಂದುವರಿಸಿತು. ಬಿಡುವಿನಲ್ಲಿ ಉಳಿದ ಮರಿಗಳೇ ಕರಿಮರಿಯನ್ನು ಗುಮ್ಮಿ ಗುಮ್ಮಿ ಅರ್ಧ ಮಾತು ಕಲಿಸಿದವು.

ಮರಿಗಳು ಬಲಿತವು. ಒಂದು ಬೆಳಿಗ್ಗೆ ಕಟುಕ ದೊಡ್ಡಿಯ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದ. ಗಾಡಿಯಿಂದ ರಕ್ತದ ವಾಸನೆ ಬರುತ್ತಿತ್ತು.

"ಮಕ್ಕಳೇ, ಇವರ ಜೊತೆ ಹೋಗುತ್ತೀರಾ?" ಎಂದು ಹೋತ ಕೇಳಿತು.

ಕುರಿಗಳು ಜೀವ ಹೋಗುವಂತೆ ಕೂಗಿದವು. ಕರಿಮರಿಯದೇ ಎಲ್ಲಕ್ಕಿಂತ ದೊಡ್ಡ ದನಿ. ಆದರೆ ಬಾಯಿಂದ ಬಂದದ್ದು "ಬ್ಯಾ" ಮಾತ್ರ.

"ಹೂಂ ಅಂದರು," ಎಂದು ಹೋತ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ದೊಡ್ಡಿ ಬರಿದಾಯಿತು. ಗಾಡಿಯಲ್ಲಿ ಇನ್ನೊಂದಕ್ಕೆ ಜಾಗ ಉಳಿದಿತ್ತು. ಕಟುಕ ಹೋತದ ಕೊಂಬು ಹಿಡಿದು, "ಮೇಷ್ಟ್ರೇ, ನೀವೂ ಬರುತ್ತೀರಾ?" ಎಂದ.

ಪೂರ್ತಿ ಮಾತು ಬಲ್ಲವನು ತಾನೊಬ್ಬನೇ ಎಂದು ಹೋತಕ್ಕೆ ಹೆಮ್ಮೆಯಿತ್ತು. ಅದು ಬಾಯಿ ತೆರೆಯಿತು. ಅಷ್ಟು ವರ್ಷ ಹೇಳಿಕೊಟ್ಟ ನಾಲಿಗೆ ಅರ್ಧಕ್ಕೇ ನಿಂತಿತು.

"ಮೇಷ್ಟ್ರೂ ಹೂಂ ಅಂದರು," ಎಂದ ಕಟುಕ.